ತಪ್ಪು ಗೇಟ್‌ಮ್ಯಾನ್‌ದಾ, ಗೇಟಿನದಾ?

ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ತಪ್ಪು ಕಮಾಂಡ್ ಕೊಟ್ಟು ಪ್ರೊಡಕ್ಷನ್ ಡೇಟಾಬೇಸ್ ಅಳಿಸಿಬಿಟ್ಟ ಅಂದ್ಕೊಳ್ಳಿ. ಮೀಟಿಂಗಿನಲ್ಲಿ ನಾವು ಕೇಳೋ ಮೊದಲ ಪ್ರಶ್ನೆ ಏನು? ‘ಅವನಿಗೆ ಆ ಪರ್ಮಿಷನ್ ಹೇಗೆ ಸಿಕ್ತು? ಸಿಸ್ಟಮ್ ಯಾಕೆ ತಡೀಲಿಲ್ಲ?’ ಸರ್ವರ್ ವಿಷಯದಲ್ಲಿ ನಮಗಿರೋ ಈ ಬುದ್ಧಿ ರೈಲ್ವೆ ಗೇಟಿನ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತೆ?

2025ರ ಜುಲೈ 8. ತಮಿಳುನಾಡಿನ ಕಡಲೂರು ಹತ್ತಿರದ ಸೆಮ್ಮಂಕುಪ್ಪಂ. ರೈಲು ಬರೋ ಹೊತ್ತಿಗೆ ಗೇಟು ಮುಚ್ಚಿರಲಿಲ್ಲ, ಶಾಲಾ ವ್ಯಾನು ಹಳಿ ಮೇಲಿತ್ತು. ಮೂರು ಮಕ್ಕಳು ಸತ್ತರು. ಗೇಟ್‌ಮ್ಯಾನ್ ಸಸ್ಪೆಂಡ್ ಆದ, ಅರೆಸ್ಟ್ ಆದ. ಎಲ್ಲರೂ ಅವನಿಗೆ ಶಾಪ ಹಾಕಿ ಮುಂದಿನ ಸುದ್ದಿಗೆ ಹೋದ್ವಿ.

ತಪ್ಪು ಮಾಡಿದವನಿಗೆ ಶಿಕ್ಷೆ ಆಗಲಿ, ಬೇಡ ಅನ್ನಲ್ಲ. ಆದರೆ ಅದು ಇಂಟರ್‌ಲಾಕ್ ಇಲ್ಲದ ಗೇಟು. ಅಂಥ ಕಡೆ ಸ್ಟೇಷನ್ ಮಾಸ್ಟರ್ ಫೋನ್ ಮಾಡ್ತಾರೆ, ಗೇಟ್‌ಮ್ಯಾನ್ ‘ಮುಚ್ಚಿದೀನಿ ಸಾರ್’ ಅಂತ ಒಂದು ಗುಟ್ಟಿನ ನಂಬರ್ ಹೇಳ್ತಾನೆ, ರೈಲು ಹೊರಡುತ್ತೆ. ನಿಜವಾಗಿ ಮುಚ್ಚಿದೆಯಾ ಅಂತ ಸಿಗ್ನಲ್‌ಗೆ ಗೊತ್ತೇ ಇಲ್ಲ. ಇಂಟರ್‌ಲಾಕ್ ಇದ್ದರೆ ಗೇಟಿಗೆ ಬೀಗ ಬೀಳದೆ ಸಿಗ್ನಲ್ ಬಿಡೋದೇ ಇಲ್ಲ. ಮನುಷ್ಯ ಮರೆತರೂ ಯಂತ್ರ ರೈಲನ್ನು ನಿಲ್ಲಿಸುತ್ತೆ.

ಮತ್ತೆ ಎಲ್ಲಾ ಕಡೆ ಯಾಕಿಲ್ಲ? ಲೆಕ್ಕ ಸ್ವಾಮಿ, ಲೆಕ್ಕ! ದಿನಕ್ಕೆ ಓಡಾಡೋ ರೈಲುಗಳನ್ನು ಗೇಟು ದಾಟೋ ವಾಹನಗಳಿಂದ ಗುಣಿಸಿ ಬರೋ ಟಿವಿಯು ಅನ್ನೋ ಸಂಖ್ಯೆ ನೋಡಿ ಇಂಟರ್‌ಲಾಕಿಂಗ್ ಕೊಡ್ತಾರೆ. ಮಿತಿ 20,000 ಇತ್ತು. ಕಡಲೂರಿನ ಅಪಘಾತ ಆದಮೇಲೆ 10,000ಕ್ಕೆ ಇಳಿಸೋಕೆ ರೈಲ್ವೆ ಸಚಿವರು ಹೇಳಿದರು. ಇಳಿಸಿದ್ದು ಒಳ್ಳೇದೇ. ಆದರೆ 20 ರೈಲು, 400 ವಾಹನ ಇರೋ ಹಳ್ಳಿ ಗೇಟಿನ ಲೆಕ್ಕ 8,000. ಈಗಲೂ ಫೇಲು! ಮೂವತ್ತು ಮಕ್ಕಳು ತುಂಬಿದ ವ್ಯಾನು ಕೂಡ ಈ ಲೆಕ್ಕದಲ್ಲಿ ಬರೀ ಒಂದು ವಾಹನ. ಒಳಗೆ ಯಾರು ಕೂತಿದ್ದಾರೆ ಅನ್ನೋದು ಲೆಕ್ಕಕ್ಕಿಲ್ಲ.

‘ನಮ್ಮ ಜನಕ್ಕೆ ಶಿಸ್ತಿಲ್ಲ, ಮುಚ್ಚಿದ ಗೇಟಿನ ಕೆಳಗೇ ಬೈಕ್ ನುಗ್ಗಿಸ್ತಾರೆ’ ಅನ್ನೋರು ಇದ್ದಾರೆ. ನಿಜ, ನಮ್ಮೂರ ಕಡೆಯೂ ನೋಡಿದ್ದೀನಿ. ಅವರಿಗೆ ದಂಡ ಹಾಕಿ, ಜೈಲಿಗೆ ಕಳಿಸಿ. ಆದರೆ ತೆರೆದ ಗೇಟನ್ನು ನಂಬಿ ದಾಟಿದವರ ಶಿಸ್ತಿನ ಬಗ್ಗೆ ಏನು ಭಾಷಣ ಮಾಡ್ತೀರಿ?

ದುಡ್ಡು ಸಾಲದು ಅನ್ನೋ ಮಾತೂ ಬೇಡ. ಎಲ್ಲಾ ಕಡೆ ಮೇಲ್ಸೇತುವೆ ಕೇಳ್ತಿಲ್ಲ. ಸೇತುವೆ ಕಟ್ಟೋವರೆಗಾದ್ರೂ ಗೇಟನ್ನು ಸಿಗ್ನಲ್‌ಗೆ ಜೋಡಿಸಿ ಅಂತಿದ್ದೀವಿ. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ ತೆಗೆದು ತೋರಿಸಿದ ಇಲಾಖೆ ಇದು. ಮನಸ್ಸು ಮಾಡಿದ್ರೆ ಆಗುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಅಲ್ಲಿನ ಗೇಟ್‌ಮ್ಯಾನ್‌ನ ಒಂದು ಮಾತು ಕೇಳಿ: ‘ಅಣ್ಣಾ, ಈ ಗೇಟಿಗೂ ಸಿಗ್ನಲ್‌ಗೂ ಸಂಬಂಧ ಇದೆಯಾ?’ ಇಲ್ಲ ಅಂದ್ರೆ ಹತ್ತು ರೂಪಾಯಿ ಕೊಟ್ಟು ರೈಲ್ವೆಗೆ ಒಂದು ಆರ್‌ಟಿಐ ಹಾಕಿ. ಯಾವಾಗ ಜೋಡಿಸ್ತೀರಿ ಅಂತ ಬರವಣಿಗೆಯಲ್ಲಿ ಉತ್ತರ ಕೊಡಲಿ.