ಡಬ್ಬಿ ತೆರೆಯುವ ಮುನ್ನ ಬಾಣಂತಿಗೆ ಆಸರೆಯಾಗಿ

ಮುಂಬಯಿಯ ವಡಾಲದ ಪಕ್ಕದಲ್ಲೇ ಇರುವ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಎದೆಹಾಲಿನ ಬ್ಯಾಂಕ್ ತೆರೆಯಿತು. ಏಷ್ಯಾಕ್ಕೇ ಅದು ಮೊದಲನೆಯದು. ಅದನ್ನು ಕಟ್ಟಿದವರು ನವಜಾತ ಶಿಶುಗಳ ವೈದ್ಯೆ ಡಾ. ಅರ್ಮಿಡಾ ಫರ್ನಾಂಡಿಸ್. ಧಾರಾವಿಯ ಬಡವರು ಹೆರಿಗೆಗೆ ಬರುವ ಪಾಲಿಕೆಯ ಆಸ್ಪತ್ರೆಯೊಂದು ದೇಶಕ್ಕೇ ದಾರಿ ತೋರಿಸಿತು.

ಅಲ್ಲಿ ಹಾಲು ಹೆಚ್ಚಿರುವ ತಾಯಂದಿರು ಮನಸ್ಸಾರೆ ಕೊಡುತ್ತಾರೆ. ಕೊಡುವವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಮೈನಸ್ 20 ಡಿಗ್ರಿಯಲ್ಲಿ ಕಾದಿಡುವುದು ಇಂಥ ಬ್ಯಾಂಕುಗಳ ಕ್ರಮ. ಅದು ಮಾರುವ ಸರಕಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವೂ 2024ರಲ್ಲಿ ಎದೆಹಾಲಿನ ಮಾರಾಟ ಸಲ್ಲದೆಂದು ಸ್ಪಷ್ಟವಾಗಿ ಹೇಳಿತು.

ಆದರೂ ದಾನದ ಹಾಲು ಎರಡನೆಯ ದಾರಿ. ಮೊದಲನೆಯದು ಹೆತ್ತವಳದೇ ಹಾಲು. ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿರುವ ಕೂಸಿಗೆ ಚೀಪಲು ಬಲವಿರುವುದಿಲ್ಲ. ಆಗ ತಾಯಿ ಕೈಯಿಂದ ಹಿಂಡಿ ತೆಗೆಯಬೇಕು. ಹೆಬ್ಬೆರಳು, ತೋರುಬೆರಳನ್ನು ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿಟ್ಟು, ಎದೆಯತ್ತ ಒತ್ತಿ, ಮೆಲ್ಲನೆ ಅದುಮಬೇಕು. ತೊಟ್ಟನ್ನು ಎಳೆಯಬಾರದು. ಮೊದಲೆರಡು ದಿನ ಬರುವುದು ಕೆಲವೇ ಹನಿ. ಹಳದಿ ಬಣ್ಣದ ಆ ಗಿಣ್ಣುಹಾಲು ಸೋಂಕು ತಡೆಯುವ ಅಂಶಗಳಿಂದ ತುಂಬಿರುತ್ತದೆ. ಚೆಲ್ಲದೆ ಚಮಚದಲ್ಲೋ ಒಳಲೆಯಲ್ಲೋ ಕುಡಿಸಬೇಕು. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ತೆಗೆದರೆ ಹಾಲು ಇಳಿಯುತ್ತದೆ, ಬಿಟ್ಟರೆ ಬತ್ತುತ್ತದೆ.

ಇದು ತಂತಾನೇ ಬರುವ ವಿದ್ಯೆಯಲ್ಲ. ಕಲಿಸುವವರು ಬೇಕು. ನಮ್ಮ ಮುಂಬಯಿ ಕನ್ನಡಿಗರಲ್ಲಿ ಚೊಚ್ಚಲ ಬಾಣಂತನಕ್ಕೆ ಊರಿನ ತವರಿಗೆ ಹೋಗುವ ವಾಡಿಕೆಯಿದೆ. ಹೋಗಲಾಗದವಳು ವಡಾಲದ ಒಂದು ಕೋಣೆಯಲ್ಲಿ ಕಟ್ಟಿಕೊಂಡ ಎದೆಯ ನೋವು ನುಂಗುತ್ತಾ, 'ಹಾಲು ಸಾಲುತ್ತಿಲ್ಲ' ಎಂಬ ಮಾತು ಕೇಳುತ್ತಾಳೆ. ಮರುದಿನ ಡಬ್ಬಿ ಹಾಲು ಬರುತ್ತದೆ. ಮಗು ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಆದರೆ ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಸಿಗುವುದು ಶೇ. 41.8 ಮಕ್ಕಳಿಗೆ ಮಾತ್ರ. ಕೊರತೆಯಿರುವುದು ತಾಯಿಯಲ್ಲಲ್ಲ, ಆ ಹೊತ್ತಿಗೆ ಅವಳಿಗೆ ಒದಗಬೇಕಾದ ನೆರವಿನಲ್ಲಿ.

ಕೆಲಸಕ್ಕೆ ಮರಳುವವಳ ಪಾಡು ಬೇರೆ. 2017ರಿಂದ ಕಾನೂನು ಮೊದಲೆರಡು ಹೆರಿಗೆಗಳಿಗೆ 26 ವಾರ ಸಂಬಳದ ರಜೆ ಕೊಡುತ್ತದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಮನೆಗೆಲಸದವಳಿಗೆ, ಸಣ್ಣ ಹೋಟೆಲಿನ ಅಡುಗೆಯವಳಿಗೆ ಇವೊಂದೂ ಇಲ್ಲ. ಹಿಂಡಿದ ಹಾಲನ್ನು ಹೊರಗೆ ನಾಲ್ಕು ತಾಸಿಗಿಂತ ಹೆಚ್ಚು ಇಡಬಾರದು. ಮುಂಬಯಿಯ ಸೆಖೆಗೆ ಅದೂ ಹೆಚ್ಚೇ. ಚಿಲಕವಿರುವ ಕೋಣೆ, ಕೈತೊಳೆಯಲು ನೀರು, ಒಂದು ಫ್ರಿಜ್, ಇಪ್ಪತ್ತು ನಿಮಿಷದ ಬಿಡುವು: ಅವಳಿಗೆ ಬೇಕಾದದ್ದು ಇಷ್ಟೇ. ಅವಳನ್ನು ಶೌಚಾಲಯಕ್ಕೆ ಕಳಿಸುವುದು ಅವಮಾನ.

ಹೋಟೆಲು, ಅಂಗಡಿ ನಡೆಸುವ ನಮ್ಮವರು ಈ ಏರ್ಪಾಡನ್ನು ಕಾನೂನಿನ ಒತ್ತಾಯವಿಲ್ಲದೆಯೂ ಮಾಡಬಲ್ಲರು. ವಡಾಲದಲ್ಲಿ ಎನ್‌ಕೆಇಎಸ್ ಕನ್ನಡ ಶಾಲೆಯಿದೆ, ರಾಮಮಂದಿರವಿದೆ, ಸುತ್ತಮುತ್ತ ಕನ್ನಡ ಸಂಘಗಳಿವೆ. ಅವು ತಿಂಗಳಿಗೊಮ್ಮೆ ನಮ್ಮ ನಡುವಿನ ನರ್ಸ್, ವೈದ್ಯೆಯರನ್ನು ಕರೆಸಿ ಗರ್ಭಿಣಿಯರಿಗೆ, ಅವರ ಗಂಡ ಮತ್ತು ಅತ್ತೆಗೆ ಹಾಲೂಡುವ, ಹಾಲು ಹಿಂಡುವ ಕ್ರಮವನ್ನು ಕನ್ನಡದಲ್ಲಿ ಕಲಿಸಲಿ. ಸಭಾಂಗಣದ ಒಂದು ಕೋಣೆಯನ್ನು ಹಾಲೂಡುವ ತಾಯಂದಿರಿಗೆ ಮೀಸಲಿಡಲಿ. ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹಕ್ಕೆ ಭಾಷಣವೊಂದೇ ಸಾಲದು. ಈ ಕೆಲಸ ಈ ವರ್ಷವೇ ಶುರುವಾಗಬೇಕು.