ಜೊತೆಗೆ ಬರಲೇ, ಅಕ್ಕಾ?



ಭಾನುವಾರದ ಬಲಿಪೂಜೆಗೆ ತಾಯಿ ಮಕ್ಕಳಷ್ಟೇ ಬಂದಾಗ, "ಅವರಿಗೆ ಮೈ ಹುಷಾರಿಲ್ಲ" ಎಂಬ ಉತ್ತರವನ್ನು ನಾವು ನಂಬಿದಂತೆ ಇದ್ದುಬಿಡುತ್ತೇವೆ. ಕುಡಿತದ ಸಂಕಟವನ್ನು ಮನೆಯವರೂ ಮುಚ್ಚಿಡುತ್ತಾರೆ, ನೆರೆಯವರಾದ ನಾವೂ ಮುಚ್ಚಿಡುತ್ತೇವೆ.

ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಒಂದು ಜಾಗವಿದೆ. ಅದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ನರಳಿದವರೇ. ಅಲ್ಲಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ 1939ರಿಂದ ಇಂಥವರನ್ನು ಸೇರಿಸಿಕೊಂಡು ಆರೈಕೆ ಮಾಡಿದರು.

ಸಭೆಗೆ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು, ಯಾವ ಧರ್ಮದವರೂ ಸೇರಬಹುದು. ಬಿಟ್ಟವರು ತಮ್ಮ ಅನುಭವ ಹೇಳುತ್ತಾರೆ. ಹೊಸಬರು ಸುಮ್ಮನೆ ಕೇಳುತ್ತಾ ಕೂತರೂ ಆಯಿತು. ಯಾರು ಬಂದಿದ್ದರೆಂದು ಹೊರಗೆ ಹೇಳಬಾರದೆಂಬುದು ಅಲ್ಲಿನ ರೂಢಿ. ಊರವರು ಕಂಡಾರೆಂಬ ಅಳುಕಿದ್ದರೆ ಬೇರೆ ಊರಿನ ಸಭೆಗೆ ಹೋಗಬಹುದು. ಸ್ಥಳ, ಸಮಯಗಳನ್ನು ಮದ್ಯವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ವಿಚಾರಿಸಿ. ಕಾಸರಗೋಡಿನ ನಾವು ಸಭೆ ಮಲಯಾಳದಲ್ಲೋ ಕನ್ನಡದಲ್ಲೋ ಎಂದೂ ಕೇಳಿಕೊಳ್ಳಬೇಕು. ಮನಸ್ಸು ಬಿಚ್ಚಲು ಬಲ್ಲ ಮಾತೇ ಬೇಕು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವಿದೆ.

ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಲಿ.

ಒಂದೇ ಸಭೆಯಿಂದ ಎಲ್ಲವೂ ಸರಿಹೋಗದು. ಬಿಟ್ಟವರು ಮತ್ತೆ ಕುಡಿದುಬಿಟ್ಟರೂ ಸಭೆಯ ಬಾಗಿಲು ಮುಚ್ಚುವುದಿಲ್ಲ. ಮುಂದಿನ ಭಾನುವಾರ ಆ ತಾಯಿ ಸಿಕ್ಕಾಗ ನಾವು ಮೆಲ್ಲಗೆ ಕೇಳೋಣ: "ಸಭೆಗೆ ಹೋಗುವುದಾದರೆ ಜೊತೆಗೆ ಬರಲೇ, ಅಕ್ಕಾ?"