ಅಲ್ಯುಮಿನಿಯಂ: ವಿದ್ಯಾಲಯ ಮತ್ತು ಕಾರ್ಖಾನೆ

ಯಾದಗಿರಿ, ಶಹಾಪುರ, ಸುರಪುರಗಳ ಸಂತೆಯಲ್ಲಿ ‘ಜರ್ಮನ್ ಪಾತ್ರೆ’ ಎಂದು ಕೇಳಿ ಕೊಳ್ಳುವ ಹಗುರವಾದ ಬೋಗುಣಿ ವಾಸ್ತವವಾಗಿ ಅಲ್ಯುಮಿನಿಯಂ ಲೋಹದ್ದು. ಇಂದು ಬಡವರ ಒಲೆಯ ಮೇಲಿರುವ ಈ ಲೋಹ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೆಳ್ಳಿಗಿಂತಲೂ ದುಬಾರಿಯಾಗಿತ್ತು. ಅದು ಅಗ್ಗವಾದ ಬಗೆ ವಿದ್ಯಾರ್ಥಿಗಳು ಅರಿಯತಕ್ಕದ್ದಾಗಿದೆ.

ಅಮೆರಿಕದ ಓಬರ್ಲಿನ್ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಫ್ರಾಂಕ್ ಜೂವೆಟ್ ಜರ್ಮನಿಯಲ್ಲಿ ವ್ಯಾಸಂಗ ಮಾಡಿ ಬಂದವರು. ಈ ಲೋಹವನ್ನು ಅಗ್ಗವಾಗಿ ತೆಗೆಯುವ ಮಾರ್ಗ ಇನ್ನೂ ದೊರೆತಿಲ್ಲವೆಂಬ ಸಮಸ್ಯೆಯನ್ನು ಅವರು ತರಗತಿಯಲ್ಲಿ ಮುಂದಿಟ್ಟರು. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಶಿಷ್ಯ ಚಾರ್ಲ್ಸ್ ಮಾರ್ಟಿನ್ ಹಾಲ್, ಪದವಿ ಪಡೆದ ಮರುವರ್ಷವೇ, 1886ರ ಫೆಬ್ರವರಿಯಲ್ಲಿ, ಮನೆಯ ಕಟ್ಟಿಗೆ ಕೊಟ್ಟಿಗೆಯಲ್ಲಿ ಕರಗಿದ ಕ್ರಯೊಲೈಟಿಗೆ ಅಲ್ಯುಮಿನಾ ಬೆರೆಸಿ, ವಿದ್ಯುತ್ತು ಹಾಯಿಸಿ, ಲೋಹದ ಸಣ್ಣ ಗುಂಡುಗಳನ್ನು ಪಡೆದನು. ಫ್ರಾನ್ಸಿನ ಪಾಲ್ ಎರೂ ಅದೇ ವರ್ಷ ಅದೇ ವಿಧಾನವನ್ನು ಕಂಡುಹಿಡಿದನು. (ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ!) 1888ರಲ್ಲಿ ಪಿಟ್ಸ್‌ಬರ್ಗಿನ ಲೋಹೋದ್ಯಮಿಗಳು ಹಾಲ್‌ನ ವಿಧಾನಕ್ಕೆ ಬಂಡವಾಳ ಹೂಡಿದರು. ಮುಂದೆ ಅವನ ಸಂಪತ್ತಿನ ದೊಡ್ಡ ಪಾಲು ಓಬರ್ಲಿನ್ ಕಾಲೇಜಿಗೇ ಮರಳಿತು.

ಕರ್ನಾಟಕದಲ್ಲಿ ಈ ಕೂಟಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಬೆಳಗಾವಿಯಲ್ಲಿ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ಕಾರ್ಖಾನೆಯಿದೆ. 1909ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, 1960ರಲ್ಲಿ ಆರಂಭವಾದ ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿಯೂ ಲೋಹಶಾಸ್ತ್ರದ ಅಧ್ಯಯನ ನಡೆದಿದೆ. ಹಿಂದೆ ಬೆಳಗಾವಿಯಲ್ಲಿ ಲೋಹವನ್ನೂ ತೆಗೆಯುತ್ತಿದ್ದರು. ಒಂದು ಕಿಲೋ ಲೋಹಕ್ಕೆ ಹದಿಮೂರರಿಂದ ಹದಿನೈದು ಯೂನಿಟ್ ವಿದ್ಯುತ್ತು ಬೇಕಾಗುವ ಆ ಕುಲುಮೆ ಈಗಿಲ್ಲ.

ಉಳಿದಿರುವ ಕಠಿಣ ಪ್ರಶ್ನೆ ಕೆಂಪು ಕೆಸರಿನದು. ಸುಮಾರು ನಾಲ್ಕು ಟನ್ ಬಾಕ್ಸೈಟಿನಿಂದ ಎರಡು ಟನ್ ಅಲ್ಯುಮಿನಾ, ಅದರಿಂದ ಒಂದು ಟನ್ ಲೋಹ. ಅಲ್ಯುಮಿನಾ ತೆಗೆದ ಮೇಲೆ ಉಳಿಯುವುದು ತೀಕ್ಷ್ಣಕ್ಷಾರದ ಈ ಕೆಸರು. 2010ರ ಅಕ್ಟೋಬರಿನಲ್ಲಿ ಹಂಗೇರಿಯಲ್ಲಿ ಇಂತಹ ಕೆಸರಿನ ಕಟ್ಟೆಯೊಡೆದು ಊರುಗಳ ಮೇಲೆ ಹರಿದು, ಹತ್ತು ಜನ ಪ್ರಾಣ ಕಳೆದುಕೊಂಡರು.

ಕೆಸರಿನಲ್ಲಿರುವ ಕಬ್ಬಿಣದ ಅಂಶ ಸಿಮೆಂಟಿನ ತಯಾರಿಕೆಗೆ ಉಪಯುಕ್ತ. ಆದರೆ ಕ್ಷಾರ ಹೆಚ್ಚಾದರೆ ಕಾಂಕ್ರೀಟು ಬಿರಿಯುವ ಭೀತಿಯುಂಟು. ಯಾವ ಸುಣ್ಣಕಲ್ಲಿಗೆ ಎಷ್ಟು ಕೆಸರು ಸೇರಿಸಬೇಕೆಂಬುದನ್ನು ಪ್ರಯೋಗಶಾಲೆಯ ತಕ್ಕಡಿಯೂ ಕಾರ್ಖಾನೆಯ ಗೂಡೂ ಜೊತೆಯಾಗಿಯೇ ನಿರ್ಣಯಿಸಬೇಕು. ಯಾದಗಿರಿಯಿಂದ ರೈಲಿನಲ್ಲಿ ಸ್ವಲ್ಪವೇ ದೂರದ ವಾಡಿಯಲ್ಲಿ, ಅತ್ತ ಸೇಡಂ ಸೀಮೆಯಲ್ಲಿ, ಅಂತಹ ಗೂಡುಗಳಿವೆ.

ಅಧ್ಯಾಪಕರು ನಿಧಾನಿಗಳು, ಮಾರುಕಟ್ಟೆ ಕಾಯುವುದಿಲ್ಲ ಎಂಬುದು ಉದ್ಯಮಿಗಳ ಆಕ್ಷೇಪ. ಉದ್ಯಮಿಗಳಿಗೆ ಬೇಕಾದುದು ಪರೀಕ್ಷೆಯ ಪ್ರಮಾಣಪತ್ರವೇ ಹೊರತು ಜ್ಞಾನವಲ್ಲ ಎಂಬುದು ಅಧ್ಯಾಪಕರ ದೂರು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೂ ಕಾರ್ಖಾನೆಯ ಹಣ ಪಡೆದ ಮಾತ್ರಕ್ಕೆ ವಿದ್ಯಾಲಯ ಬಾಯಿಗೆ ಬೀಗ ಹಾಕಿಕೊಳ್ಳಲಾಗದು. ಲಾಭ ತರುವ ಮಿಶ್ರಲೋಹದ ಗುಟ್ಟನ್ನು ಕೆಲಕಾಲ ಕಾಯ್ದುಕೊಳ್ಳಲಿ. ಕೆಸರಿನ ಗುಣದೋಷ ಮಾತ್ರ ಪಕ್ಕದ ಹೊಲದ ರೈತನಿಗೂ ತಿಳಿಯಬೇಕಾದುದು. ಅಂತಹ ಸಂಶೋಧನೆಯ ಒಪ್ಪಂದದಲ್ಲಿಯೇ, ಫಲಿತಾಂಶ ಪ್ರಕಟಿಸುವ ಹಕ್ಕಿನ ಜೊತೆಗೆ, ಕಲ್ಯಾಣ ಕರ್ನಾಟಕದ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಗೂಡಿನ ಬಳಿ ಕನಿಷ್ಠ ಆರು ತಿಂಗಳ ಕೆಲಸ ಕಲಿಸುವ ಷರತ್ತನ್ನೂ ಬರೆಯತಕ್ಕದ್ದು.